ಕಡೇ ಸುತ್ತು

ಮಾರ್ಚ್ 3

ತಾತ,

ಫೋನ್ ಯಾಕೆ ಎತ್ತಲ್ಲ? ಮೊದಲು ಅದಕ್ಕೆ ಉತ್ತರ ಕೊಡು. ಕ್ಷೇಮ ಗೀಮ ಎಲ್ಲ ಆಮೇಲೆ.

ಮಾಡಿ ಮಾಡಿ ಸಾಕಾಗಿ ಕೊನೆಗೆ ಪಕ್ಕದಂಗಡಿ ಬೀಗದಣ್ಣನಿಗೆ ಮಾಡಿದೆ. ಅವನು ಹೇಳ್ತಾನೆ, "ನಿಮ್ಮ ತಾತ ಫೋನನ್ನ ಯಾರಿಗೋ ಕೊಟ್ಟುಬಿಟ್ರಲ್ಲಮ್ಮ, ನಿಂಗೆ ಗೊತ್ತಿಲ್ವಾ?" ಅಂತ. ಕೊಟ್ಟುಬಿಟ್ರು! ನನ್ನ ಮೊದಲ ಸಂಬಳದಲ್ಲಿ ಕಳಿಸಿಕೊಟ್ಟ ಫೋನು ಅದು. ರೇಡಿಯೋನೂ ಹೋಯ್ತಂತೆ. ಪಕ್ಕದಲ್ಲಿ ಹಳೇ ಹಾಡು ಕಿರುಚದೇ ಇದ್ರೆ ನಿನ್ನ ಪಂಕ್ಚರ್ ಸೊಲ್ಯೂಷನ್ನೇ ಒಣಗ್ತಿರಲಿಲ್ಲ. ಅಂಥ ರೇಡಿಯೋನ ದಾನ ಮಾಡಿದೀಯ ಅಂದ್ರೆ ಯಾರೋ ನಿನ್ನ ತಲೆಗೆ ಏನೋ ತುಂಬಿದಾರೆ.

ಯಾರು ಅಂತಾನೂ ಗೊತ್ತಾಯ್ತು. ಮೂಲೆ ಲಾಂಡ್ರಿ ಮೇಲಿನ ರೂಮಿಗೆ ಸಂಜೆ ಸಂಜೆ ಹೋಗ್ತೀಯಂತೆ. ಆ ಲಾಂಡ್ರಿ ಹೆಂಗಸು ವಯಸ್ಸಾದವರನ್ನೆಲ್ಲ ಗುಂಪು ಹಾಕ್ಕೊಂಡು ತಾವೋ ಅಂತ ಏನೋ ಹೇಳಿಕೊಡ್ತಾಳಂತೆ. ಸುಮ್ನೆ ಕೂರೋದಂತೆ. ಇರೋದನ್ನೆಲ್ಲ ಒಂದೊಂದಾಗಿ ಬಿಡೋದಂತೆ. ಬಿಟ್ಟಿದ್ದು ಯಾರ ಮನೆ ಸೇರುತ್ತೆ ತಾತ? ಅದನ್ನ ಆ ತಾವೋ ಹೇಳುತ್ತಾ?

ನೀನಿನ್ನೂ ನನ್ನ ಮೇಲೆ ಸಿಟ್ಟಲ್ಲಿದೀಯ ಅಂತ ಗೊತ್ತು. ನನಗೂ ಸಿಟ್ಟಿದೆ. ನಾನು ಕಟ್ಟಿದ ಚಕ್ರನ ಗಿರಾಕಿ ಎದುರಿಗೇ ಬಿಚ್ಚಿ ಮತ್ತೆ ಕಟ್ಟಿದವನು ನೀನು. ಸ್ಕೂಲ್ ಬಿಟ್ಟ ದಿನದಿಂದ ನಿನ್ನ ಸೈಕಲ್ ಶಾಪಲ್ಲಿ ಕೈ ಕಪ್ಪು ಮಾಡ್ಕೊಂಡೆ. ಹಬ್ ತೊಳಿ ಅಂದೆ ತೊಳೆದೆ, ಚಕ್ರದ ಕಡ್ಡಿ ಪೋಣಿಸು ಅಂದೆ ಪೋಣಿಸಿದೆ. ಕಡೇ ಸುತ್ತು ಬಿಗಿಯೋಕೆ ಮಾತ್ರ ಒಂದು ದಿನಾನೂ ಬಿಡಲಿಲ್ಲ. ಕಡ್ಡಿ ಬಿಗಿಯೋ ಆ ಕೀನ ದಾರ ಕಟ್ಟಿ ಕೊರಳಿಗೆ ನೇತಾಕ್ಕೊಂಡಿರ್ತೀಯ, ಯಾರೋ ಕದ್ದೊಯ್ತಾರೆ ಅನ್ನೋ ಥರ. ಅದಕ್ಕೇ ಊರು ಬಿಟ್ಟೆ. ಆ ಜಗಳ ಹಾಗೇ ಇರಲಿ, ಈಗಿಂದು ಬೇರೆ.

ನಾನು ಚೆನ್ನಾಗಿದೀನಿ. ಬಸ್ ಡಿಪೋದ ಟೈರ್ ಸೆಕ್ಷನ್ನಲ್ಲಿ ನನ್ನ ಮಾತು ಕೇಳದೇ ಒಂದು ನಟ್ಟೂ ತಿರುಗಲ್ಲ.

ಕೂಡಲೇ ಬರಿ.

ನಿನ್ನ ಮೊಮ್ಮಗಳು (ಇನ್ನೂ)


ಮಾರ್ಚ್ 14

ಸಿಡುಕಿ,

ನಿನ್ನ ಕಾಗದ ಬಂತು. ಬಿಸಿಯಾಗಿತ್ತು. ಆರಿಸಿಕೊಂಡು ಓದಿದೆ.

ಫೋನ್ ಕೊಟ್ಟಿದ್ದು ನಿಜ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡೋ ಹುಡುಗಿಗೆ ಬೇಕಿತ್ತು, ಕೊಟ್ಟೆ. ಬೇಜಾರು ಮಾಡ್ಕೋಬೇಡ. ಫೋನಲ್ಲಿ ಎಲ್ಲರಿಗೂ ಅವಸರ. ಕಾಗದ ಆದ್ರೆ ನೀನು ಬೈದ್ರೂ ನಿಧಾನಕ್ಕೆ ಬೈಸಿಕೋಬಹುದು. ಎರಡನೇ ಸಲ ಓದುವಾಗ ಅರ್ಧ ಬೈಗುಳ ತಾನೇ ಉದುರಿ ಹೋಗುತ್ತೆ.

ಲಾಂಡ್ರಿ ಅಮ್ಮನ ಬಗ್ಗೆ ಹಾಗೆಲ್ಲ ಬರೀಬೇಡ ಮಗಳೇ. ಆಕೆಗೆ ನನಗಿಂತ ಜಾಸ್ತಿ ವಯಸ್ಸು. ಯಾರೋ ಒಗೆಯೋಕೆ ಕೊಟ್ಟ ಕೋಟಿನ ಜೇಬಲ್ಲಿ ಒಂದು ತೆಳು ಪುಸ್ತಕ ಸಿಕ್ತಂತೆ, ಕೋಟಿನವನು ವಾಪಸ್ ಬರಲೇ ಇಲ್ಲವಂತೆ. ಹಾಗೆ ಶುರುವಾಗಿದ್ದು. ತಾವೋ ಅಂದ್ರೆ ದಾರಿ ಅಂತ ಅರ್ಥ. ದೂರದ ದೇಶದ ಹಳೇ ಕಾಲದವರು ಯೋಚನೆ ಮಾಡಿದ್ದು. ಆಕೆ ತನ್ನದೇ ಮಾತಲ್ಲಿ ಹೇಳ್ತಾಳೆ. "ಜೀವಮಾನ ಪೂರ್ತಿ ಬಟ್ಟೆ ಸುಕ್ಕು ತೆಗೆದೆ, ಮಾರನೇ ದಿನಕ್ಕೆ ಮತ್ತೆ ಬರೋದು. ಸುಕ್ಕು ಬಟ್ಟೆಯ ತಪ್ಪಲ್ಲ, ಯಾರೋ ತೊಟ್ಟು ಬಾಳಿದ ಗುರುತು. ನಮ್ಮ ಮುಖಕ್ಕೆ ಮಾತ್ರ ಯಾಕೆ ಬೇರೆ ನ್ಯಾಯ?" ಅಂತಾಳೆ.

ನನಗೆ ತಿಳಿದಿದ್ದು ಇಷ್ಟು. ವಯಸ್ಸಾಗೋದು ಇಳಿಜಾರು. ಹೆದರಿ ಬ್ರೇಕ್ ಹಿಡ್ಕೊಂಡೇ ಇದ್ರೆ ರಬ್ಬರ್ ಸುಟ್ಟು ಹೋಗುತ್ತೆ. ಇನ್ನೂ ಏರಲ್ಲೇ ಇದೀನಿ ಅಂತ ತುಳಿದ್ರೆ ಮುಗ್ಗರಿಸ್ತೀವಿ. ಮೆತ್ತಗಿರಬೇಕು ಅಂತಾಳೆ ಆಕೆ. ಹ್ಯಾಂಡಲ್ ಮೆಲ್ಲಗೆ ಹಿಡಿದು ಕೂತ್ಕೊಂಡ್ರೆ ದಾರಿ ಸೈಕಲ್ಲಿಗೇ ಗೊತ್ತು.

ಆ ರೂಮು ನನಗೆ ಹಿಡಿಸಿದ್ದು ಇನ್ನೊಂದು ಕಾರಣಕ್ಕೆ. ಅಲ್ಲಿ ಯಾರೂ ಜಾಸ್ತಿ ಮಾತಾಡಲ್ಲ. ಆಕೆ ಹೇಳಬೇಕಾದ್ದನ್ನ ಹಲಗೆ ಮೇಲೆ ಬರೀತಾಳೆ, ಎಲ್ಲರೂ ನೋಡ್ತೀವಿ, ಕಿಟಕಿ ಹತ್ರ ಕೂರ್ತೀವಿ. ಕೆಳಗಿಂದ ಇಸ್ತ್ರಿಯ ಬೆಚ್ಚನೆ ವಾಸನೆ ಬರುತ್ತೆ.

ಅಂಗಡಿಯಲ್ಲಿದ್ದ ಸೈಕಲ್ ಗಂಟೆಗಳ ಡಬ್ಬಾನೂ ಮಕ್ಕಳಿಗೆ ಹಂಚಿಬಿಟ್ಟೆ. ಬೀಗದಣ್ಣ ಕಿವಿಗೆ ಹತ್ತಿ ತುರುಕಿಕೊಂಡು ಓಡಾಡ್ತಿದಾನೆ, ನನ್ನ ಮೇಲೆ ಕೆಂಡ ಕಾರ್ತಿದಾನೆ. ಅವನು ಹೇಳಿದ್ದನ್ನೆಲ್ಲ ಪೂರ್ತಿ ನಂಬಬೇಡ.

ಊಟ ಸರಿಯಾಗಿ ಮಾಡು.

ತಾತ


ಮಾರ್ಚ್ 21

ತಾತ,

ದಾರಿ ಅಂದ್ರೆ ಏನು ಅಂತ ನಮಗೆ ಲಾಂಡ್ರಿಯವಳು ಹೇಳಿಕೊಡಬೇಕಾ? ಪಂಕ್ಚರ್ ಆಗೋದೇ ದಾರಿಯಲ್ಲಿ. ಮೆತ್ತಗಿರೋದೇ ದೊಡ್ಡತನ ಆದ್ರೆ ಗಾಳಿ ಹೋದ ಟ್ಯೂಬಿಗೆ ಮೊದಲು ಕೈ ಮುಗೀರಿ ಎಲ್ಲರೂ.

ಈಗ ಗಂಟೆ ಡಬ್ಬಾನೂ ಹೋಯ್ತು. ಫೋನು, ರೇಡಿಯೋ, ಗಂಟೆ. ಮುಂದೇನು, ಗಾಳಿ ಪಂಪಾ? ನೀನು ಬಿಡ್ತಾ ಇಲ್ಲ ತಾತ, ನಿನ್ನಿಂದ ಬಿಡಿಸ್ತಾ ಇದಾರೆ. ಎರಡಕ್ಕೂ ವ್ಯತ್ಯಾಸ ಇದೆ. ಬಟ್ಟೆ ತೊಳೆಯೋಳು ಜೇಬು ಖಾಲಿ ಮಾಡದೇ ನೀರಿಗೆ ಹಾಕ್ತಾಳಾ?

ಬೀಗದಣ್ಣನನ್ನ ನಂಬಬೇಡ ಅಂದೆಯಲ್ಲ, ಅವನು ನಿನ್ನೆ ಹೇಳಿದ್ದು ಕೇಳು. ಲಾಂಡ್ರಿಯವಳ ಅಕ್ಕನ ಮಗ ಬಂದು ನಮ್ಮ ಅಂಗಡಿ ಬಾಗಿಲಿಗೆ ಟೇಪ್ ಹಿಡಿದು ಅಳತೆ ತಗೊಂಡನಂತೆ. ಮೇಲೆ, ಕೆಳಗೆ, ಚೌಕಟ್ಟು, ಗೋಡೆ. ನೀನು ಪಕ್ಕದಲ್ಲೇ ಸ್ಟೂಲ್ ಮೇಲೆ ಕೂತು ನೋಡ್ತಿದ್ದೆಯಂತೆ, ಪಿಟಕ್ಕನ್ನಲಿಲ್ಲವಂತೆ. ಬೀಗದಣ್ಣ "ಏನ್ರೀ ಇದು?" ಅಂತ ಕೂಗಿದ್ರೆ ತಿರುಗಿ ಕೂಡ ನೋಡಲಿಲ್ಲವಂತೆ. "ಮನುಷ್ಯ ಮನುಷ್ಯನಾಗಿ ಉಳಿದಿಲ್ಲಮ್ಮ, ಏನೋ ಮಂಕುಬೂದಿ" ಅಂದ.

ಯಾಕೆ ಅಳತೆ ತಗೊಂಡ? ಅಂಗಡಿನ ಅವಳಿಗೆ ಬರೆದುಕೊಡ್ತಿದೀಯಾ? ನೇರವಾಗಿ ಹೇಳು. ಆ ಅಂಗಡಿ ನಿನಗೆ ಅಂಗಡಿ ಇರಬಹುದು. ನನಗೆ ಅದು ಅಮ್ಮ ಸತ್ತ ಮೇಲೆ ನೀನು ನನ್ನ ತಂದು ಕೂರಿಸಿದ ಜಾಗ. ಅದೇ ಸ್ಟೂಲ್ ಮೇಲೆ. ಅದಕ್ಕೆ ಬೇರೆಯವರು ಬೋರ್ಡ್ ಹಾಕಿದ್ರೆ ನಾನು ಬಂದು ಕಲ್ಲು ಹೊಡೀತೀನಿ, ಆಣೆ.

ನೀನಿನ್ನೂ ಕೆಲಸ ಮಾಡ್ತಿದೀಯ ಅಂತ ನಾನು ಹೆಂಗೆ ನಂಬಲಿ? ಒಂದು ಕೆಲಸ ಮಾಡು. ನನಗೊಂದು ಮುಂದಿನ ಚಕ್ರ ಕಟ್ಟಿ ಕಳಿಸು. ಬಸ್ ಪಾರ್ಸಲ್‌ಗೆ ಹಾಕು. ನಿನ್ನ ಚಕ್ರ ನನಗೆ ಗೊತ್ತು. ಕೈಗೆ ಬಂದ ತಕ್ಷಣ ಎಲ್ಲ ಗೊತ್ತಾಗುತ್ತೆ.

ಇಲ್ಲಿ ನನ್ನನ್ನ ಹೆಡ್ ಮಾಡಿದಾರೆ. ಪುರುಸೊತ್ತಿಲ್ಲ. ಆದ್ರೂ ಬರೀತಿದೀನಿ ನೋಡು.

ಮೊಮ್ಮಗಳು


ಏಪ್ರಿಲ್ 18

ಸಿಡುಕಿ,

ತಡ ಆಯ್ತು. ಚಕ್ರ ಕಳಿಸಿದೀನಿ. ಗೋಣಿ ಸುತ್ತಿ ಹೊಲಿದಿದೀನಿ, ಬಿಚ್ಚುವಾಗ ಕಡ್ಡಿಗೆ ಕತ್ತರಿ ತಾಗಿಸಬೇಡ.

ಹೊಸ ರಿಮ್ಮು, ಹೊಸ ಕಡ್ಡಿ. ಹಬ್ ಮಾತ್ರ ನೀನು ಚಿಕ್ಕೋಳಿದ್ದಾಗ ಓಡಿಸ್ತಿದ್ದ ಸೈಕಲ್ಲಿಂದು, ತೊಳೆದು ಹೊಸ ಬೇರಿಂಗ್ ಗುಂಡು ಹಾಕಿದೀನಿ. ಅವಸರ ಮಾಡಲಿಲ್ಲ. ಒಂದು ಸಲ ಕಟ್ಟಿ, ಮನಸ್ಸಿಗೆ ಬರದೇ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದೆ. ಸ್ಟ್ಯಾಂಡಿಗೆ ಹಾಕಿ ತಿರುಗಿಸಿ ನೋಡಿದೆ, ಕೂದಲೆಳೆಯಷ್ಟೂ ಆಚೀಚೆ ಹೋಗಲ್ಲ. ನಿಂತ ಹಾಗೇ ತಿರುಗುತ್ತೆ. ಸುಮಾರು ಹೊತ್ತು ನೋಡ್ತಾ ಕೂತಿದ್ದೆ. ನಿನಗೆ ಅಂತ ಕಟ್ಟಿದ್ದಕ್ಕೋ ಏನೋ, ಬಹಳ ದಿನದ ಮೇಲೆ ಕೈಗೆ ತೃಪ್ತಿ ಆಯ್ತು.

ಹೆಡ್ ಆಗಿದ್ದು ಕೇಳಿ ಸಂತೋಷ.

ಒಂದು ಸಣ್ಣ ವಿಷಯ. ಡಿಪೋ ಸೇರಿದ ಹೊಸದರಲ್ಲಿ ನೀನು ಬರೀತಿದ್ದ ಕಾಗದದ ಮೂಲೆಯಲ್ಲಿ ಹೆಬ್ಬೆಟ್ಟಿನ ಕಪ್ಪು ಗುರುತು ಇರ್ತಿತ್ತು. ಗ್ರೀಸ್ ವಾಸನೆ ಬರ್ತಿತ್ತು, ಮೂಗಿಗೆ ಹಿಡ್ಕೊಂಡ್ರೆ ನೀನು ಪಕ್ಕದಲ್ಲೇ ನಿಂತ ಹಾಗೆ. ಈಗಿನ ಕಾಗದ ಬೆಳ್ಳಗಿದೆ. ಅಕ್ಷರ ಅಲ್ಲಲ್ಲಿ ನೀರಿಗೆ ಹರಡಿಕೊಂಡಿದೆ. ಡಿಪೋದಲ್ಲಿ ಅಷ್ಟು ಒಳ್ಳೇ ಸೋಪು ಕೊಡ್ತಾರಾ?

ಹೇಳಲೇಬೇಕು ಅಂತಿಲ್ಲ. ನೋಡಿದ್ದು ಹೇಳಿದೆ.

ತಾತ


ಏಪ್ರಿಲ್ 24

ಇದನ್ನ ಕಟ್ಟಿದ ಕಿವುಡ ಯಾರು?

ನಿನ್ನನ್ನೇ ಕೇಳ್ತಿದೀನಿ. ಗೋಣಿ ಬಿಚ್ಚಿದೆ, ಸ್ಟೂಲಿಗೆ ಸಿಗಿಸಿ ತಿರುಗಿಸಿದೆ. ಕಣ್ಣಿಗೆ ನೇರ ಇದೆ, ಒಪ್ಪಿದೆ. ಆಮೇಲೆ ಕಡ್ಡಿ ಮೀಟಿದೆ. ನೀನು ನನಗೆ ಕಲಿಸಿದ ಮೊದಲ ಪಾಠ ಅದು, ಮರೆತ್ಯಾ? ರಿಮ್ಮು ಕಣ್ಣಿಗೆ ಮೋಸ ಮಾಡುತ್ತೆ, ಕಡ್ಡಿ ಕಿವಿಗೆ ಮೋಸ ಮಾಡಲ್ಲ ಅಂತ. ಬಿಗಿ ಎಲ್ಲ ಕಡೆ ಸಮ ಇದ್ರೆ ಸುತ್ತಲೂ ಒಂದೇ ಸ್ವರ ಬರಬೇಕು. ನಿನ್ನ ಚಕ್ರ ಮೀಟಿದ್ರೆ ಬೀದಿಯಲ್ಲಿ ಹೋಗೋರು ನಿಂತು ನೋಡ್ತಿದ್ರು.

ಇದರಲ್ಲಿ ಒಂದು ಟಿಣ್ ಅನ್ನುತ್ತೆ, ಪಕ್ಕದ್ದು ಡಬ್ ಅನ್ನುತ್ತೆ, ಅದರ ಪಕ್ಕದ್ದು ಬೆಕ್ಕಿನ ಬಾಲ ತುಳಿದ ಹಾಗೆ ಕೀಚ್ ಅನ್ನುತ್ತೆ. ಒಂದು ಕಡ್ಡಿ ಪೂರ್ತಿ ಭಾರ ಹೊತ್ತಿದೆ, ಇನ್ನೊಂದು ಸುಮ್ನೆ ಮಲಗಿದೆ. ಬಿಗಿ ಇರೋದು ಇವತ್ತಲ್ಲ ನಾಳೆ ಪಟ್ ಅಂತ ಮುರಿಯುತ್ತೆ. ಮಗು ಕೂರಿಸ್ಕೊಂಡು ಹೋಗೋರ ಸೈಕಲ್ ಆಗಿದ್ರೆ?

ಇದು ನಿನ್ನ ಕೈ ಅಲ್ಲ. ಆ ಟೇಪ್ ಹಿಡಿದವನ ಕೈ. ಅವನನ್ನ ಆಗಲೇ ಅಂಗಡಿಯಲ್ಲಿ ಕೂರಿಸಿದೀಯ, ಅವನು ಕಟ್ಟಿದ್ದನ್ನ ನಿಂದು ಅಂತ ನನಗೆ ಕಳಿಸಿದೀಯ. ಜೊತೆಗೆ ಕಥೆ ಬೇರೆ! ಬಿಚ್ಚಿ ಮತ್ತೆ ಕಟ್ಟಿದೆ, ನೋಡ್ತಾ ಕೂತೆ, ಕೈಗೆ ತೃಪ್ತಿ ಆಯ್ತು. ನನ್ನ ಹಳೇ ಹಬ್ ಹಾಕಿದ್ರೆ ಕಣ್ಣೀರು ಹಾಕ್ಕೊಂಡು ಸುಮ್ಮನಾಗ್ತಾಳೆ ಅಂದ್ಕೊಂಡ್ರಾ ನೀವಿಬ್ಬರೂ? ನಾನು ಕಟ್ಟಿದ್ದು ಇದರ ಹತ್ತರಷ್ಟು ಚೆನ್ನಾಗಿತ್ತು, ಅದನ್ನ ಬಿಚ್ಚಿ ಹಾಕಿದೆ. ಇವನದಕ್ಕೆ ಗೋಣಿ ಹೊಲಿದು ಕಳಿಸ್ತೀಯ.

ಟೇಪ್ ವಿಷಯ ಕೇಳಿದ್ದಕ್ಕೆ ಒಂದಕ್ಷರ ಇಲ್ಲ. ಅದು ಬಿಟ್ಟು ನನ್ನ ಕೈ ಸೋಪಿನ ವಿಚಾರಣೆ. ನನ್ನ ಕೈ ಬೆಳ್ಳಗಾದ್ರೂ ಸುಳ್ಳು ಚಕ್ರ ಕಟ್ಟಿಲ್ಲ.

ಇನ್ಮೇಲೆ ನನಗೆ ಬರೀಬೇಡ.


ಮೇ 12

ಬರೀಬೇಡ ಅಂದ್ರೆ ನಿಜವಾಗ್ಲೂ ಬರೀದೇ ಇರೋದಾ?

ಇದೂ ತಾವೋನಾ?


ಮೇ 27

ತಾತ,

ಮೂರು ಸಲ ಬರೆದು ಹರಿದೆ. ಇದು ಹೆಂಗೆ ಬರುತ್ತೋ ಹಂಗೆ ಕಳಿಸ್ತೀನಿ.

ಮೊದಲು ನಂದು. ನಾನು ಡಿಪೋದಲ್ಲಿಲ್ಲ. ಫೆಬ್ರವರಿಯಲ್ಲೇ ತೆಗೆದುಹಾಕಿದ್ರು. ಸೂಪರ್‌ವೈಸರ್ "ಹೆಣ್ಣುಮಗಳು ರಂಗೋಲಿ ಹಾಕೋಕೆ ಬಂದ ಹಾಗೆ ಟೈರ್ ಮುಟ್ತಾಳೆ" ಅಂದ, ಎಲ್ಲರೂ ನಕ್ಕರು, ನಾನು ಸ್ಪ್ಯಾನರ್ ಎಸೆದೆ. ಅವನಿಗೆ ತಾಗಲಿಲ್ಲ. ಅವನ ಟೀ ಲೋಟಕ್ಕೆ ತಾಗಿತು. ಅಷ್ಟೇ ಸಾಕಾಯ್ತು ಅವರಿಗೆ. ಈಗ ಒಂದು ಕ್ಯಾಂಟೀನಲ್ಲಿ ಪಾತ್ರೆ ತೊಳೀತೀನಿ. ಸೋಪು ಒಳ್ಳೇದೇ ಕೊಡ್ತಾರೆ. ಹೆಡ್ ಗಿಡ್ ಏನೂ ಇಲ್ಲ. ಆಯ್ತಾ?

ಈಗ ನಿಂದು.

ಮೊನ್ನೆ ದೊಡ್ಡ ಪಾತ್ರೆ ಉಜ್ತಿದ್ದೆ. ನಲ್ಲಿ ಪೂರ್ತಿ ಬಿಟ್ಟಿದ್ದೆ. ಅಡುಗೆಯವನು ಹಿಂದಿಂದ ಕರೆದಿದಾನೆ, ನನಗೆ ಕೇಳಿಸಿಲ್ಲ. ಬಂದು ಭುಜ ತಟ್ಟಿದ. ಹೌಹಾರಿ ಕೈಲಿದ್ದ ಪಾತ್ರೆ ಬೀಳಿಸಿದೆ. "ಏನೇ, ಕಿವುಡೀನಾ? ಆಗಿಂದ ಗಂಟಲು ಹರ್ಕೋತಿದೀನಿ" ಅಂದ. ನಾನು ಅವನಿಗೆ ಎರಡು ಬಿಡಬೇಕಿತ್ತು. ಬಿಡಲಿಲ್ಲ. ಹಂಗೇ ನಿಂತುಬಿಟ್ಟೆ.

ಬೀಗದಣ್ಣ ಕೂಗಿದ್ರೆ ನೀನು ತಿರುಗಿ ನೋಡಲಿಲ್ಲ.

ನೀನು ಕೊಟ್ಟಿದ್ದು ಫೋನು. ರೇಡಿಯೋ. ಗಂಟೆ. ಗಾಳಿ ಪಂಪ್ ಕೊಡಲಿಲ್ಲ, ಸ್ಟ್ಯಾಂಡ್ ಕೊಡಲಿಲ್ಲ, ಸುತ್ತಿಗೆ ಕೊಡಲಿಲ್ಲ. ಹೋಗಿ ಕೂತಿದ್ದು ಯಾರೂ ಮಾತಾಡದ ರೂಮಲ್ಲಿ, ಹಲಗೆ ಮೇಲೆ ಬರೆದು ತೋರಿಸೋ ಕಡೆ.

ಆ ಚಕ್ರ ನೀನೇ ಕಟ್ಟಿದ್ದು. ಅಲ್ವಾ?

ನಾನು ಬರೆದಿದ್ದನ್ನ ನೀನು ಎರಡೆರಡು ಸಲ ಓದ್ತೀಯ. ಚಕ್ರಕ್ಕೆ ಬೈದ ಕಾಗದದ ಆ ಮೊದಲನೇ ಸಾಲನ್ನೂ ಎರಡು ಸಲ ಓದಿರ್ತೀಯ.

ಯಾಕೆ ಹೇಳಲಿಲ್ಲ? ಯಾಕೆ ತಾತ? ಬೇರೆ ಯಾರಿಗೂ ಹೇಳೋದು ಬೇಡ, ನನಗೂ ಬೇಡ್ವಾ? ಇಳಿಜಾರು, ಬ್ರೇಕು, ಸುಕ್ಕು ಅಂತ ಪುಟಗಟ್ಟಲೆ ಬರೆದೆ. "ನನಗೆ ಕಿವಿ ಕೇಳಿಸ್ತಿಲ್ಲ" ಅಂತ ಒಂದು ಸಾಲು ಬರೆಯೋಕೆ ನಿನ್ನ ತಾವೋ ಬಿಡಲಿಲ್ವಾ? ಮೆತ್ತಗಿರೋದು ಅಂತೀಯ, ಇದು ಮೆತ್ತಗಿರೋದಾ? ಇದು ಬಚ್ಚಿಟ್ಕೊಳ್ಳೋದು. ನನಗೆ ಲಾಂಡ್ರಿಯವಳ ಮೇಲೆ ಅನುಮಾನ ಬಂತು, ಅವಳ ಅಕ್ಕನ ಮಗನ ಮೇಲೆ ಬಂತು, ನಿನ್ನ ಮೇಲೆ ಬಂತು. ಎಲ್ಲ ಬಂತು, ಬರಬೇಕಾದ್ದು ಒಂದು ಬಿಟ್ಟು.

ಬೈದು ಬೈದು ಸಾಕಾಯ್ತು. ಕಿವುಡ ಅಂದಿದ್ದು ನನ್ನ ಬಾಯಿ. ಅದಕ್ಕೆ ಏನು ಬೇಕೋ ಶಿಕ್ಷೆ ಬರೆದು ಕಳಿಸು. ಸುಮ್ನೆ ಮಾತ್ರ ಇರಬೇಡ.


ಜೂನ್ 7

ಸಿಡುಕಿ,

ಸುಮ್ಮನಿದ್ದಿದ್ದು ಸಿಟ್ಟಿಗಲ್ಲ. ನಾಚಿಕೆಗೆ. ಆ ಚಕ್ರ ಚೆನ್ನಾಗಿದೆ ಅಂತ ನಾನು ನಿಜವಾಗಿ ನಂಬಿದ್ದೆ.

ಶುರುವಲ್ಲಿ ಎಡಗಿವಿ ಅಷ್ಟೇ ಅಂದ್ಕೊಂಡೆ. ಪೋಸ್ಟ್‌ಮ್ಯಾನ್ ಚಕ್ರ ಬೆಂಡ್ ತೆಗೆದುಕೊಟ್ಟೆ, ವಾಪಸ್ ಬಂತು. ಮತ್ತೆ ತೆಗೆದೆ, ಮತ್ತೆ ಬಂತು. ಆಮೇಲೆ ಬರೋದು ನಿಂತಿತು. ಒಂದು ದಿನ ನಾನು ಬೀದಿಯಲ್ಲಿ ಹೋಗುವಾಗ ಅವನ ಸೈಕಲ್ ಬೇರೆ ಅಂಗಡಿ ಮುಂದೆ ತಲೆಕೆಳಗಾಗಿ ನಿಂತಿದ್ದು ನೋಡಿದೆ. ಪಾಪ, ನನಗೆ ಕಾಣಬಾರದು ಅಂತ ಅಡ್ಡ ನಿಂತ್ಕೊಂಡ. ಆಗ ಅರ್ಥ ಆಯ್ತು. ನಿನ್ನ ಚಕ್ರ ಗಿರಾಕಿ ಎದುರಿಗೆ ಬಿಚ್ಚಿದೆನಲ್ಲ, ಆವತ್ತೂ ನನಗೆ ನಿನ್ನ ಕಡ್ಡಿಗಳು ಮಂಕಾಗಿ ಕೇಳಿಸಿದ್ವು. ಮಂಕಾಗಿದ್ದು ಕಡ್ಡಿ ಅಲ್ಲ.

ಲಾಂಡ್ರಿ ಅಮ್ಮನಿಗೆ ನಿನ್ನ ಕಾಗದ ತೋರಿಸಿದೆ. ಎಲ್ಲ ತೋರಿಸಿದೆ, ಆಕೆಯನ್ನ ಬೈದಿರೋದೂ. ಜೇಬು ಖಾಲಿ ಮಾಡೋ ಸಾಲಿಗೆ ಹೊಟ್ಟೆ ಹಿಡ್ಕೊಂಡು ನಕ್ಕಳು. ಆಮೇಲೆ ಹಲಗೆ ತಗೊಂಡು ನನಗೇ ಬೈದಳು. "ಕೈ ಬಿಡೋದು ಬೇರೆ, ಕೈ ಹಿಂದೆ ಕಟ್ಟಿಕೊಂಡು ಬಚ್ಚಿಡೋದು ಬೇರೆ. ನೀನು ಮಾಡಿದ್ದು ಎರಡನೇದು. ನನ್ನ ಹೆಸರು ಯಾಕೆ ಕೆಡಿಸ್ತೀಯ?" ಅಂತ ದೊಡ್ಡಕ್ಷರದಲ್ಲಿ ಬರೆದು ಎಲ್ಲರಿಗೂ ತೋರಿಸಿದಳು. ಮುದುಕರೆಲ್ಲ ತಲೆ ಆಡಿಸಿದ್ರು. ನಿನಗೆ ಆಕೆ ಹಿಡಿಸ್ತಾಳೆ ಅಂತ ಕಾಣುತ್ತೆ. ನಿನ್ನದೇ ಬಾಯಿ.

ಟೇಪಿನ ವಿಷಯ. ಆಕೆಯ ಅಕ್ಕನ ಮಗ ಎಲೆಕ್ಟ್ರಿಷಿಯನ್. ಬಾಗಿಲು ತೆಗೆದ್ರೆ ಒಳಗೆ ನನ್ನ ಕಣ್ಣ ಮುಂದೆ ಒಂದು ದೀಪ ಹತ್ತೋ ಹಾಗೆ ಮಾಡಿಕೊಟ್ಟ. ಗಿರಾಕಿ ಬಂದು ಕೂಗಿ ಕೂಗಿ ಹೋಗಿಬಿಡ್ತಿದ್ರು, ಅದಕ್ಕೆ. ಹಳದಿ ದೀಪ. ಗಾಳಿಗೆ ಬಾಗಿಲು ಅಲ್ಲಾಡಿದ್ರೂ ಹತ್ತುತ್ತೆ, ಯಾರೋ ಬಂದ್ರು ಅಂತ ಎದ್ದು ಹೋಗ್ತೀನಿ.

ಈಗ ಬೆರಳಿಂದ ಕಲೀತಿದೀನಿ. ಕಡ್ಡಿ ಮೀಟಿ ಹೆಬ್ಬೆಟ್ಟು ಇಟ್ರೆ ನಡುಕ ತಿಳಿಯುತ್ತೆ. ಸಡಿಲ ಯಾವುದು, ಬಿಗಿ ಯಾವುದು ಗೊತ್ತಾಗುತ್ತೆ. ಸಣ್ಣ ವ್ಯತ್ಯಾಸ ಮಾತ್ರ ಸಿಗಲ್ಲ. ಕಡೇ ಸುತ್ತಿನ ವ್ಯತ್ಯಾಸ ಅದು. ಅದಕ್ಕೆ ಕಿವಿಯೇ ಬೇಕು.

ಈ ಕಾಗದದ ಜೊತೆ ಕೀ ಇಟ್ಟಿದೀನಿ. ಮೊದಲೇ ಕೊಡಬೇಕಿತ್ತು. ಕತ್ತು ಹಗುರ ಅನ್ನಿಸ್ತಿದೆ, ಆಗಾಗ ಕೈ ತಾನೇ ಎದೆ ಹತ್ರ ಹೋಗಿ ಹುಡುಕುತ್ತೆ. ಅಭ್ಯಾಸ ಆಗುತ್ತೆ ಬಿಡು. ಆ ಚಕ್ರ ಸರಿಮಾಡಿ ನಿನ್ನ ಸೈಕಲ್ಲಿಗೆ ಹಾಕ್ಕೋ. ನೀನು ಎಲ್ಲಿದ್ರೂ ಸರಿ, ಕೈ ಕಪ್ಪಾಗೋ ಕೆಲಸ ಹುಡುಕು. ನಿನ್ನ ಜೀವನ ನಿನ್ನ ದಾರಿ. ನಾನು ಎಳೆಯಲ್ಲ. ನೀರು ತನ್ನ ಪಾಡಿಗೆ ತಾನು ಜಾಗ ಹುಡುಕುತ್ತೆ.

ಶಿಕ್ಷೆ ಏನೂ ಇಲ್ಲ. ಕಿವುಡನನ್ನ ಕಿವುಡ ಅಂದಿದೀಯ.

ತಾತ


ಜೂನ್ 12

ತಾತ,

ಕೀ ಬಂತು. ದಾರದಲ್ಲಿ ಇನ್ನೂ ನಿನ್ನ ಬೆವರಿನ ವಾಸನೆ ಇದೆ.

ನನಗೆ ಅನುಮಾನ. ಇದನ್ನ ನನಗೆ ಕೊಟ್ಯೋ, ಅಥವಾ ಇದನ್ನೂ ಬಿಟ್ಯೋ? ಫೋನು, ರೇಡಿಯೋ, ಗಂಟೆ, ಆಮೇಲೆ ಕೀ. ಆಮೇಲೆ ಸರದಿಯಲ್ಲಿ ಯಾರು ನಿಂತಿದಾರೆ? ನಾನಾ? "ನೀನು ಎಲ್ಲಿದ್ರೂ ಸರಿ." ಎಲ್ಲಿದ್ರೂ ಸರಿ ಅನ್ನೋದು ಬಾಡಿಗೆ ಮನೆ ಬಿಟ್ಟು ಹೋಗೋರಿಗೆ ಹೇಳೋ ಮಾತು. ಎಳೆಯಲ್ಲ ಅಂತೀಯ. ನನ್ನ ಯಾರೂ ಎಳೆದಿಲ್ಲ ತಾತ, ಹುಟ್ಟಿದಾಗಿಂದ. ಸ್ಕೂಲಲ್ಲಿ ಹೋಗು ಅಂದ್ರು, ಡಿಪೋದಲ್ಲಿ ಹೋಗು ಅಂದ್ರು. ನಾನು ಬ್ಯಾಗ್ ಎತ್ತಿಕೊಂಡು ಹೊರಟಾಗ ನೀನೂ ಚಕ್ರ ತಿರುಗಿಸ್ತಾ ಕೂತಿದ್ದೆ. ತಿರುಗಿ ನೋಡ್ತೀಯೇನೋ ಅಂತ ಮೂಲೆವರೆಗೂ ನಿಧಾನಕ್ಕೆ ನಡೆದೆ. ನನ್ನ ಚಪ್ಪಲಿ ಸದ್ದು ಕೇಳಿಸ್ತಿರುತ್ತೆ ಅಂತ ಅಂದ್ಕೊಂಡಿದ್ದೆ.

ಈಗ ಹೇಳು, ಆವತ್ತು ಕೇಳಿಸಿತ್ತಾ?

ನಿನ್ನ ನೀರು, ಇಳಿಜಾರು ಎಲ್ಲ ಓದಿದೆ. ಚೆನ್ನಾಗೇ ಇದೆ. ಒಂದು ಮಾತು ಮಾತ್ರ ಯಾವ ಕಾಗದದಲ್ಲೂ ಇಲ್ಲ. ಅದನ್ನ ಬರಿ. ಅದನ್ನ ಬರೆಯೋಕೆ ಕಿವಿ ಬೇಕಾಗಿಲ್ಲ. ಇಲ್ಲ ಅಂದ್ರೆ ಕೀನ ಪಾರ್ಸಲ್ ಮಾಡಿ ವಾಪಸ್ ಕಳಿಸ್ತೀನಿ, ನಾನೂ ಸುಮ್ಮನಾಗ್ತೀನಿ. ಸುಮ್ಮನಿರೋದು ನಿನಗೊಬ್ಬನಿಗೇ ಬರುತ್ತೆ ಅಂದ್ಕೋಬೇಡ.


ಜೂನ್ 19

ಕೇಳಿಸಲಿಲ್ಲ ಮಗಳೇ. ತಲೆ ಎತ್ತಿದಾಗ ನೀನಿರಲಿಲ್ಲ. ಮೂಲೆವರೆಗೂ ಓಡಿ ಬಂದೆ.

ಬಾ.


ಜೂನ್ 24

ತಾತ,

ಶನಿವಾರ ಬರ್ತೀನಿ. ಸಾಯಂಕಾಲದ ಬಸ್ಸು. ಕ್ಯಾಂಟೀನಲ್ಲಿ ಹೇಳಿಬಿಟ್ಟೆ. ಅಡುಗೆಯವನು "ಪೀಡೆ ತೊಲಗ್ತು" ಅಂದ, ಆಮೇಲೆ ದಾರಿಗೆ ಅಂತ ಬ್ರೆಡ್ಡು ಕಟ್ಟಿಕೊಟ್ಟ.

ಕೆಲವು ವಿಷಯ ಈಗಲೇ ಹೇಳ್ತೀನಿ, ಆಮೇಲೆ ಜಗಳ ಬೇಡ.

ಆ ಚಕ್ರ ನಾನು ಸರಿ ಮಾಡಿಲ್ಲ. ಒಂದು ಕಡ್ಡಿನೂ ಮುಟ್ಟಿಲ್ಲ. ಹಂಗೇ ಗೋಣಿ ಸುತ್ತಿ ತರ್ತಿದೀನಿ. ನಿನ್ನ ಸ್ಟ್ಯಾಂಡಿಗೆ ಹಾಕಿ, ಗಿರಾಕಿ ಯಾರಾದ್ರೂ ಬರೋವರೆಗೂ ಕಾದು, ಅವರ ಎದುರಿಗೇ ಬಿಚ್ಚಿ ಮತ್ತೆ ಕಟ್ತೀನಿ. ನಿನಗೂ ಗೊತ್ತಾಗಲಿ ಹೆಂಗಿರುತ್ತೆ ಅಂತ. ನೀನು ಪಕ್ಕದಲ್ಲಿ ಕೂತು ಹೆಬ್ಬೆಟ್ಟು ಇಟ್ಟು ಸಡಿಲ ಯಾವುದು ಹೇಳು. ನಾನು ಮೀಟಿ ಕೇಳ್ತೀನಿ. ಕಡೇ ಸುತ್ತು ನಂದು. ಅದಾದ ಮೇಲೆ ಕೀ ನಿನ್ನ ಕತ್ತಿಗೇ ಹಾಕ್ತೀನಿ. ಕೈ ಹುಡುಕುತ್ತೆ ಅಂದೆಯಲ್ಲ, ಸುಮ್ನೆ ಯಾಕೆ ಹುಡುಕಬೇಕು.

ಲಾಂಡ್ರಿಯವಳ ಮೇಲೆ ನನಗಿನ್ನೂ ಅನುಮಾನ ಹೋಗಿಲ್ಲ. ಕೋಟು ಒಗೆಯೋಕೆ ಕೊಟ್ಟು ಯಾರಾದ್ರೂ ವಾಪಸ್ ಬರದೇ ಇರ್ತಾರಾ? ಆ ಕೋಟು ಎಲ್ಲಿದೆ ಅಂತ ಮೊದಲು ಕೇಳ್ತೀನಿ. ಉತ್ತರ ಸರಿ ಇದ್ರೆ ಒಂದು ಸಂಜೆ ಬಂದು ಕಿಟಕಿ ಹತ್ರ ಕೂತ್ಕೋತೀನಿ, ಒಂದೇ ಒಂದು. ನನ್ನ ಮೆತ್ತಗೆ ಮಾಡೋಕೆ ಆಗಲ್ಲ ಅಂತ ಹಲಗೆ ಮೇಲೆ ಬರೆದಿಡೋಕೆ ಹೇಳು.

ಬಸ್ ಸ್ಟ್ಯಾಂಡಿಗೆ ಬರಬೇಡ. ಹಿಂದಿಂದ ಬರೋ ಗಾಡಿ ನಿನಗೆ ಗೊತ್ತಾಗಲ್ಲ. ಸ್ಟೂಲ್ ಮೇಲೆ ಕೂತಿರು. ನಾನು ಕೂಗಲ್ಲ. ಬಾಗಿಲು ತೆಗೀತೀನಿ.

ದೀಪ ಹತ್ತಿದ್ರೆ ಗಾಳಿ ಅಂದ್ಕೋಬೇಡ. ಎದ್ದು ಬಾ.

ಸಿಡುಕಿ